ಕಾಗೆ, ಕೊಂಬೆ ಮತ್ತು ಬಂಗಾರದ ಮೀನು

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಸಂಸ್ಕೃತದವರು ಇದನ್ನೇ ಕಾಕತಾಳೀಯ ಎಂದರು. ಅವರ ಕಾಗೆ ತಾಳೆಮರಕ್ಕೆ ಬಂತು, ಹಣ್ಣು ಉದುರಿತು. ಕಾಗೆಗೂ ಹಣ್ಣಿಗೂ ಸಂಬಂಧವಿಲ್ಲ, ಎರಡೂ ಒಂದೇ ಗಳಿಗೆಯಲ್ಲಿ ನಡೆದುವು ಅಷ್ಟೆ ಎನ್ನುವುದು ತಾತ್ಪರ್ಯ. ಇಷ್ಟು ದೊಡ್ಡ ತರ್ಕಶಾಸ್ತ್ರವನ್ನು ಒಂದೇ ಸಾಲಿಗೆ ಇಳಿಸಿದ ಜನವೇ, ಕ್ರಿಕೆಟ್ ನೋಡುವಾಗ ‘ನೀನು ಎದ್ದು ಹೋದೆ, ವಿಕೆಟ್ ಬಿತ್ತು’ ಎಂದು ಮನೆಯವರ ಮೇಲೆ ರೇಗುತ್ತಾರೆ. ಪರೀಕ್ಷೆಗೆ ಹೊರಟ ಮಗನ ಜೇಬಿಗೆ ಕಳೆದ ಸಲ ‘ಕೈಹಿಡಿದ’ ಪೆನ್ನನ್ನೇ ಸಿಕ್ಕಿಸುತ್ತಾರೆ. ಗಾದೆ ಇರುವುದು ಬೇರೆಯವರ ಕಾಗೆಗೆ; ತಮ್ಮ ಕಾಗೆ ಕೂತಾಗ ಕೊಂಬೆ ಮುರಿದದ್ದು ಅದರ ಭಾರಕ್ಕೇ!

ಈ ಕಾಗೆ ಈಗ ಮಕ್ಕಳ ಕೈಯ ಮೊಬೈಲಿನೊಳಗೂ ಬಂದು ಕೂತಿದೆ. ಪೊಕೆಮಾನ್ ಎಂಬ ಆಟದ ಹೆಸರು ಹೆತ್ತವರಿಗೂ ಅಪರಿಚಿತವಲ್ಲ. ‘ಪಾಕೆಟ್ ಮಾನ್ಸ್ಟರ್’ ಎಂಬುದರ ಮೊಟಕು ರೂಪ ಅದು. ಜೇಬಿನಲ್ಲಿಟ್ಟುಕೊಳ್ಳುವ ವಿಚಿತ್ರ ಪ್ರಾಣಿ ಎಂದು ಅರ್ಥ ಮಾಡಿಕೊಳ್ಳಬಹುದು. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಮೊದಲ ಆಟ ಮಾರಾಟಕ್ಕೆ ಬಂತು. ಅದನ್ನು ಕಲ್ಪಿಸಿದ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುವ ಹುಚ್ಚಿನವರು. ಬೆಂಕಿಪೊಟ್ಟಣದಲ್ಲಿ ಜೀರುಂಡೆ ಸಾಕಿದ ನಮ್ಮ ಹಳ್ಳಿಯ ಹುಡುಗರಿಗೆ ಆ ಹುಚ್ಚನ್ನು ವಿವರಿಸಬೇಕಾಗಿಲ್ಲ. ಹುಲ್ಲಿನಲ್ಲಿ ನಡೆದರೆ ಪ್ರಾಣಿ ಎದುರಾಗುತ್ತದೆ, ಚೆಂಡು ಎಸೆದು ಹಿಡಿಯಬೇಕು, ಎಲ್ಲ ಬಗೆಯನ್ನೂ ಕೂಡಿಹಾಕಬೇಕು. ಆಟ ಇಷ್ಟೆ.

ಆದರೆ 1999ರಲ್ಲಿ ಬಂದ ಆಟದಲ್ಲಿ ಹೊಸದೊಂದು ಆಸೆ ಹುಟ್ಟಿಸಿದರು. ಪ್ರಾಣಿ ಅದೇ, ಶಕ್ತಿಯೂ ಅದೇ, ಬಣ್ಣ ಮಾತ್ರ ಬೇರೆ. ನೀಲಿಯದು ಕೆಂಪಾಗಿ, ಕಿತ್ತಳೆಯದು ಬಂಗಾರವಾಗಿ ಮಿಂಚುತ್ತ ಬರುತ್ತದೆ. ಆಟಗಾರರು ಇದನ್ನು ‘ಶೈನಿ’ ಎನ್ನುತ್ತಾರೆ. ಅಂಥದು ಎದುರಾಗುವ ಸಾಧ್ಯತೆ 8192 ಸಲಕ್ಕೆ ಒಂದು. 2013ರಿಂದ ಈಚಿನ ಆಟಗಳಲ್ಲಿ ಇದನ್ನು 4096ಕ್ಕೆ ಒಂದು ಎಂದು ಸಡಿಲಿಸಿದರು. ಅಪರೂಪ ಎಂಬ ಒಂದೇ ಗುಣಕ್ಕಾಗಿ ಈ ಬಣ್ಣದ ಬೆನ್ನು ಹತ್ತಿದ ಮಕ್ಕಳೆಷ್ಟೋ. ಚಿನ್ನವನ್ನು ನಾವು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದೂ ಹೆಚ್ಚುಕಡಿಮೆ ಇದೇ ಕಾರಣಕ್ಕಲ್ಲವೆ?

ಅರಸೀಕೆರೆಯ ಹುಡುಗನೊಬ್ಬನಿಗೆ ಈ ಹುಚ್ಚು ಹತ್ತಿತು. ಹತ್ತನೆಯ ತರಗತಿಯವನು. ತಂದೆಯದು ಕೊಬ್ಬರಿ ವ್ಯಾಪಾರ. ಅಕ್ಕ ಪಿಯುಸಿ ಮುಗಿಸಿ, ವೈದ್ಯಕೀಯ ಸೀಟಿಗಾಗಿ ನೀಟ್ ಪರೀಕ್ಷೆಯನ್ನು ಒಮ್ಮೆ ಬರೆದು, ದಡ ಸೇರದೆ, ಎರಡನೆಯ ಸಲಕ್ಕೆ ಓದುತ್ತ ಮನೆಯಲ್ಲಿದ್ದಳು. ಜೊತೆಗೆ ಅಜ್ಜಿ. ಅವನು ಆಡುತ್ತಿದ್ದುದು ಪೊಕೆಮಾನ್ ಗೋ. ಊರಿನ ನಿಜವಾದ ರಸ್ತೆಗಳಲ್ಲಿ ಮೊಬೈಲ್ ಹಿಡಿದು ನಡೆದರೆ ಪರದೆಯ ನಕ್ಷೆಯಲ್ಲಿ ಪ್ರಾಣಿಗಳು ಕಾಣುವ ಆಟ. 2016ರ ಜುಲೈನಲ್ಲಿ ಹೊರದೇಶಗಳಲ್ಲಿ ಶುರುವಾಗಿ, ಅದೇ ಡಿಸೆಂಬರಿನಲ್ಲಿ ಅಧಿಕೃತವಾಗಿ ಭಾರತಕ್ಕೆ ಬಂತು. ಅದರಲ್ಲಿ ಮೊತ್ತಮೊದಲು ಬಣ್ಣ ಬದಲಿಸಿ ಬಂದದ್ದು ಮ್ಯಾಜಿಕಾರ್ಪ್ ಎಂಬ ಗೆಂಡೆ ಮೀನು, 2017ರ ಮಾರ್ಚ್‌ನಲ್ಲಿ. ಮಾಮೂಲು ಮೀನು ಕಿತ್ತಳೆ ಬಣ್ಣ, ಅಪರೂಪದ್ದು ಬಂಗಾರ. ಈ ಆಟದಲ್ಲಿ ಮಾಮೂಲು ದಿನಗಳಲ್ಲಿ ಸುಮಾರು 500ಕ್ಕೆ ಒಂದು ಹೀಗೆ ಬಣ್ಣ ಬದಲಿಸಿರುತ್ತದೆ ಎಂಬುದು, ಸಾವಿರಾರು ಆಟಗಾರರು ತಮ್ಮ ತಮ್ಮ ಲೆಕ್ಕ ಒಟ್ಟುಗೂಡಿಸಿ ಕಂಡುಕೊಂಡ ಅಂದಾಜು.

ಬೇಲೂರಿನ ಚಿಕ್ಕಮ್ಮನ ಮನೆಗೆ ಹೋಗುವಾಗ ಬಾಣಾವರ, ಜಾವಗಲ್ ದಾಟಿ ಹಳೇಬೀಡಿನಲ್ಲಿ ಇಳಿದದ್ದೇ ನೆಪವಾಯಿತು. ಹೊಯ್ಸಳೇಶ್ವರ ದೇಗುಲದ ಎದುರು ಎರಡು ನಂದಿ ಮಂಟಪಗಳಿವೆಯಲ್ಲ, ಅದರಲ್ಲೊಂದರ ಬಳಿ ನಿಂತು ಪರದೆ ಮುಟ್ಟಿದಾಗ ಬಂಗಾರದ ಮೀನು ಮಿಂಚಿತು. ಅಂದಿನಿಂದ ಅವನ ಸಿದ್ಧಾಂತ ಶುರು. ಹಳೇಬೀಡಿನಲ್ಲೇ ಸಿಗುವುದು. ಅದರಲ್ಲೂ ಆ ನಂದಿಯ ಬಳಿಯೇ. ಅದೂ ಮಧ್ಯಾಹ್ನದ ಹೊತ್ತು, ಎಡಗೈ ಹೆಬ್ಬೆರಳಿನಲ್ಲಿ ಮುಟ್ಟಿದರೆ! ಇನ್ನೊಬ್ಬ ಗೆಳೆಯ ಬೇಲೂರಿನ ಕಡೆಯವನು. ಅವನದು ಯಗಚಿ ದಡದ ಸಿದ್ಧಾಂತ. ಮೂರನೆಯವನು ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನವನು. ರೈಲು ಹೊರಡುವ ಗಳಿಗೆಯಲ್ಲಿ ಮುಟ್ಟಬೇಕೆಂದು ಅವನ ವಾದ. ಮೂವರ ಜಗಳ ಕೇಳಿದ ಅಜ್ಜಿ, ‘ಮೂರು ದೇವರಿಗೆ ಮೂರು ಮುಡಿಪು ಕಟ್ಟಿ, ಯಾವುದು ಒಲೀತದೋ ನೋಡಿ’ ಎಂದು ಸಲಹೆ ಕೊಟ್ಟರಂತೆ.

ಮಕ್ಕಳ ಸಿದ್ಧಾಂತಗಳನ್ನು ಕೇಳಿ ನಕ್ಕುಬಿಡುವುದು ಸುಲಭ. ಆದರೆ ಅವುಗಳಲ್ಲಿ ಕೆಲವು ನಿಜ ಎನ್ನುವುದೇ ಸ್ವಾರಸ್ಯ. ನೀರಿನ ಬಳಿ ನೀರಿನ ಪ್ರಾಣಿಗಳು ಹೆಚ್ಚು ಸಿಗುತ್ತವೆ ಎನ್ನುವುದು ಈ ಆಟದಲ್ಲಿ ನಿಜ. ಹೊಯ್ಸಳರ ರಾಜಧಾನಿಗೆ ದೋರಸಮುದ್ರ ಎಂಬ ಹೆಸರು ಬಂದದ್ದೇ ದೊಡ್ಡ ಕೆರೆಯಿಂದ. ಅಂಥ ಊರಲ್ಲಿ ಗೆಂಡೆ ಮೀನು ಎದುರಾದರೆ ಆಶ್ಚರ್ಯವೇನು? ಆದರೆ ಮೀನು ಸಿಗುವುದು ಬೇರೆ, ಮೀನು ಬಂಗಾರವಾಗುವುದು ಬೇರೆ. ಒಂದೇ ಜಾಗದಲ್ಲಿ, ಒಂದೇ ಗಳಿಗೆಯಲ್ಲಿ, ನಕ್ಷೆಯ ಮೇಲಿನ ಅದೇ ಪ್ರಾಣಿಯನ್ನು ಇಬ್ಬರು ಮುಟ್ಟಿದರೆ ಒಬ್ಬನಿಗೆ ಬಂಗಾರ, ಇನ್ನೊಬ್ಬನಿಗೆ ಕಿತ್ತಳೆ ಬರಬಹುದು. ಬಣ್ಣದ ಚೀಟಿ ಎತ್ತುವುದು ಪ್ರತಿ ಆಟಗಾರನಿಗೂ ಪ್ರತ್ಯೇಕವಾಗಿ. ಅಂದಮೇಲೆ ನಂದಿಯ ಪಾಲು ಅದರಲ್ಲಿ ಏನೂ ಇಲ್ಲ.

ಇಂಥ ನಂಬಿಕೆಗಳ ಚರಿತ್ರೆ ಆಟದಷ್ಟೇ ಹಳೆಯದು. ಮೊದಲ ಆಟದಲ್ಲಿ ಮ್ಯೂ ಎಂಬ 151ನೆಯ ಪ್ರಾಣಿಯೊಂದನ್ನು ಶಿಗೆಕಿ ಮೊರಿಮೊತೊ ಎಂಬ ಪ್ರೋಗ್ರಾಮರ್ ಕಡೆಗಳಿಗೆಯಲ್ಲಿ ಸೇರಿಸಿಟ್ಟಿದ್ದರು. ಆಟದೊಳಗಿನ ಬಂದರಿನಲ್ಲಿ, ಹಡಗಿನ ಪಕ್ಕ, ಕಾರಣವೇ ಇಲ್ಲದೆ ಒಂದು ಲಾರಿ ನಿಂತಿತ್ತು. ಮ್ಯೂ ಆ ಲಾರಿಯ ಅಡಿಯಲ್ಲಿದೆ ಎಂಬ ಸುದ್ದಿ ಶಾಲೆಯಿಂದ ಶಾಲೆಗೆ, ದೇಶದಿಂದ ದೇಶಕ್ಕೆ ಹಬ್ಬಿತು. ಲಾರಿಯ ಅಡಿಯಲ್ಲಿ ಏನೂ ಇರಲಿಲ್ಲ. ಪ್ರಾಣಿಯ ಮೇಲೆ ಚೆಂಡು ಎಸೆದಾಗ ಯಂತ್ರದ ‘ಬಿ’ ಗುಂಡಿಯನ್ನು ಒತ್ತಿಹಿಡಿದರೆ ತಪ್ಪಿಸಿಕೊಳ್ಳದು ಎಂಬುದು ಇನ್ನೊಂದು. ಆ ಗುಂಡಿಯನ್ನು ಒತ್ತಿದರೋ ಬಿಟ್ಟರೋ ಎಂದು ಆಟದ ಲೆಕ್ಕ ನೋಡುವುದೇ ಇಲ್ಲ. ಆದರೂ ಒಂದು ಪೀಳಿಗೆಯ ಹೆಬ್ಬೆರಳುಗಳೆಲ್ಲ ಅದನ್ನು ಒತ್ತಿ ನೊಂದವು.

ಹೀಗೇಕೆ? 1948ರಲ್ಲಿ ಬಿ.ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನೋವಿಜ್ಞಾನಿ ಹಸಿದ ಪಾರಿವಾಳಗಳ ಮೇಲೆ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಪಾರಿವಾಳ ಏನು ಮಾಡಿದರೂ ಮಾಡದಿದ್ದರೂ ನಿಗದಿತ ಹೊತ್ತಿಗೊಮ್ಮೆ ಕಾಳು ಬೀಳುವ ಏರ್ಪಾಡು. ಕಾಳು ಬಿದ್ದ ಗಳಿಗೆಯಲ್ಲಿ ಒಂದು ಹಕ್ಕಿ ಸುತ್ತು ಹಾಕುತ್ತಿತ್ತು. ಅದು ಸುತ್ತುತ್ತಲೇ ಹೋಯಿತು. ಇನ್ನೊಂದು ಮೂಲೆಯ ಕಡೆ ತಲೆ ಹಾಕಿತ್ತು. ಅದು ಮೂಲೆಗೇ ತಲೆ ಹಾಕಿತು. ತಮ್ಮ ಕುಣಿತದಿಂದಲೇ ಕಾಳು ಬಿತ್ತೆಂದು ಹಕ್ಕಿಗಳು ನಂಬಿದಂತೆ ನಡೆದುಕೊಂಡವು. ಅರಸೀಕೆರೆಯ ಹುಡುಗನ ಎಡಗೈ ಹೆಬ್ಬೆರಳಿಗೂ ಆ ಹಕ್ಕಿಯ ಸುತ್ತಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಇನ್ನು ನಿಜವಾದ ಸಿದ್ಧಾಂತಗಳ ಕಡೆಗೆ ಬರೋಣ. ಮೊದಲ ಆಟಗಳಲ್ಲಿ ‘ನೂರಕ್ಕೆ ನೂರು ತಗಲುತ್ತದೆ’ ಎಂದು ಬರೆದಿದ್ದ ಏಟು ಒಮ್ಮೊಮ್ಮೆ ಗುರಿ ತಪ್ಪುತ್ತಿತ್ತು. ಸೋತ ಹುಡುಗರು ‘ಮೋಸ’ ಎಂದರು. ಹಿರಿಯರು ‘ಸೋತವರ ನೆಪ’ ಎಂದರು. ಗೆದ್ದದ್ದು ಹುಡುಗರ ವಾದ. ಆಟ 0ಯಿಂದ 255ರವರೆಗಿನ ಒಂದು ಸಂಖ್ಯೆಯನ್ನು ಎತ್ತಿ, ಅದು 255ಕ್ಕಿಂತ ಕಡಿಮೆ ಇದೆಯೇ ಎಂದು ನೋಡುತ್ತಿತ್ತು. 255ನ್ನೇ ಎತ್ತಿದರೆ ಏಟು ತಪ್ಪಿತು. ಅಂದರೆ ಆ ‘ನೂರಕ್ಕೆ ನೂರು’ ಎಂಬುದು ನಿಜಕ್ಕೂ 256ರಲ್ಲಿ 255 ಮಾತ್ರ. ಪ್ರೋಗ್ರಾಂ ಬರೆಯುವಾಗ ನುಸುಳಿದ ಸಣ್ಣ ದೋಷ.

ಇನ್ನೊಂದು ಕೇಳಿದರೆ ಕನ್ನಡದ ಮಕ್ಕಳಿಗೆ ಇಷ್ಟವಾದೀತು. ಬೇರೆ ಬೇರೆ ಭಾಷೆಯ ಆಟಗಳಿಂದ ಬಂದ ಎರಡು ಪ್ರಾಣಿಗಳನ್ನು, ಉದಾಹರಣೆಗೆ ಜಪಾನಿ ಆಟದ ಒಂದನ್ನೂ ಇಂಗ್ಲಿಷ್ ಆಟದ ಒಂದನ್ನೂ, ಜೊತೆಗೂಡಿಸಿ ಮೊಟ್ಟೆ ಪಡೆದರೆ ಬಣ್ಣದ ಮರಿ ಹೊರಬರುವ ಸಾಧ್ಯತೆ ಹೆಚ್ಚು. ಇದು ಅಜ್ಜಿಕತೆಯಂತೆ ಕೇಳಿದರೂ 2006ರಿಂದ ಆಟದೊಳಗೆ ಬರೆದಿಟ್ಟ ನಿಯಮ. ಆಟದ ನಿರ್ಮಾಪಕರಲ್ಲೊಬ್ಬರಾದ ಜುನಿಚಿ ಮಸೂದ ಅವರ ಹೆಸರಿನಿಂದ ಇದನ್ನು ಮಸೂದ ವಿಧಾನ ಎನ್ನುತ್ತಾರೆ. 2013ರ ಆಟದಿಂದ ಇದರಲ್ಲಿ ಸಾಧ್ಯತೆ 4096ಕ್ಕೆ 6. ಎಂದರೆ ಸುಮಾರು 683ಕ್ಕೆ ಒಂದು.

ಅದಕ್ಕಿಂತ ಬೆರಗಿನದು 2004ರ ಎಮರಾಲ್ಡ್ ಎಂಬ ಆಟದ ಸಂಗತಿ. ಕಂಪ್ಯೂಟರಿಗೆ ನಿಜವಾದ ದಾಳ ಎಸೆಯಲು ಬರುವುದಿಲ್ಲ. ಅದು ಒಂದು ಬೀಜಸಂಖ್ಯೆಯನ್ನು ತೆಗೆದುಕೊಂಡು, ಗುಣಿಸಿ, ಕೂಡಿ, ಮುಂದಿನ ಸಂಖ್ಯೆ ಮಾಡುತ್ತದೆ. ಅದರಿಂದ ಅದರ ಮುಂದಿನದು. ನೋಡುವವರಿಗೆ ಅಡ್ಡಾದಿಡ್ಡಿ, ಬಲ್ಲವರಿಗೆ ಮಗ್ಗಿ. ಈ ಆಟದಲ್ಲಿ ಯಂತ್ರವನ್ನು ಹೊತ್ತಿಸಿದಾಗಲೆಲ್ಲ ಬೀಜ ಸೊನ್ನೆಯಿಂದಲೇ ಆರಂಭವಾಗುತ್ತಿತ್ತು. ಹಾಗಾಗಿ ಸಂಖ್ಯೆಗಳ ಸಾಲು ಪ್ರತಿ ಸಲವೂ ಒಂದೇ. ಇದನ್ನು ಪತ್ತೆ ಹಚ್ಚಿದ ಆಟಗಾರರು ಗಡಿಯಾರ ಹಿಡಿದು ಕೂತು, ಸೆಕೆಂಡಿನ ಸುಮಾರು ಅರವತ್ತನೆಯ ಒಂದು ಭಾಗದ ನಿಖರತೆಯಲ್ಲಿ ಗುಂಡಿ ಒತ್ತಿ, ಬೇಕಾದ ಬಣ್ಣದ ಪ್ರಾಣಿಯನ್ನು ಬರಮಾಡಿಕೊಂಡರು. ಅದೃಷ್ಟ ಎಂದು ಕೈಮುಗಿದಿದ್ದ ಜಾಗದಲ್ಲಿ ಅವರು ಲೆಕ್ಕವನ್ನು ಕಂಡರು.

ಹಾಗಾದರೆ ಸುಳ್ಳು ಸಿದ್ಧಾಂತಕ್ಕೂ ನಿಜ ಸಿದ್ಧಾಂತಕ್ಕೂ ಇರುವ ವ್ಯತ್ಯಾಸವೇನು? ಕೇಳುವುದಕ್ಕೆ ಎರಡೂ ಒಂದೇ ಥರ ವಿಚಿತ್ರ. ವ್ಯತ್ಯಾಸ ಇರುವುದು ಎಣಿಕೆಯಲ್ಲಿ. ನಿಜ ಕಂಡವರು ಸಿಕ್ಕಿದ್ದನ್ನು ಎಣಿಸಿದಂತೆಯೇ ಸಿಗದ್ದನ್ನೂ ಎಣಿಸಿದರು. ನಂದಿಯ ಬಳಿ ಮೀನು ಸಿಕ್ಕದ್ದು ಹುಡುಗನಿಗೆ ನೆನಪಿತ್ತು. ಅದೇ ನಂದಿಯ ಬಳಿ ಬರಿಗೈಯಲ್ಲಿ ಬಂದ ಹತ್ತಾರು ಸಲ ನೆನಪಿನಲ್ಲಿ ಉಳಿಯಲಿಲ್ಲ.

ಇದನ್ನು ಅವನಿಗೆ ತಿಳಿಸಿದ್ದು ಅಕ್ಕ. ಮೊಬೈಲಿನಿಂದಲ್ಲ, ಅಜ್ಜಿಯ ಚೌಕಾಬಾರದಿಂದ. ನಾಲ್ಕು ಕವಡೆ ಎಸೆದು, ಅಂಗಾತ ಬಿದ್ದವನ್ನು ಎಣಿಸಿ ಕಾಯಿ ನಡೆಸುವ ಆಟ. ಕವಡೆ ಇಲ್ಲದಿದ್ದರೆ ಕಲ್ಲಿಗೆ ಒಂದು ಮಗ್ಗುಲು ತೇಯ್ದ ಹುಣಸೆಬೀಜವಾದರೂ ಸೈ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು. ಎರಡಕ್ಕೂ ಮತ್ತೊಂದು ಎಸೆತ ಉಂಟು. ಅಜ್ಜಿ ಕವಡೆಯನ್ನು ಮುಷ್ಟಿಯಲ್ಲಿ ಹಿಡಿದು ಒಮ್ಮೆ ಊದಿ ಎಸೆಯುವರು. ಊದಿದರೆ ಎಂಟು ಬೀಳುವುದೆಂದು ಅವರ ನಂಬಿಕೆ. ಅಕ್ಕ ಒಂದು ಹಾಳೆಯಲ್ಲಿ ಎರಡು ಮನೆ ಗೀಚಿದಳು: ಊದಿದ್ದು, ಊದದ್ದು. ನೂರು ಸಲ ಹೀಗೆ, ನೂರು ಸಲ ಹಾಗೆ. ಸಂಜೆಯವರೆಗೆ ಎಸೆದು ನೋಡಿದರೆ ಎರಡು ಮನೆಯೂ ಹೆಚ್ಚುಕಡಿಮೆ ಸಮ. ಅಜ್ಜಿ ಬೇಜಾರಾಗಲಿಲ್ಲ. ‘ಊದದಿದ್ದರೂ ಬೀಳ್ತದೆ ಅಂತ ಆಯ್ತು. ಊದಿದರೆ ನಿನಗೇನು ನಷ್ಟ?’ ಎಂದರು. ಅದಕ್ಕೆ ಉತ್ತರ ಅಕ್ಕನ ಬಳಿಯೂ ಇರಲಿಲ್ಲ.

ಕವಡೆಯ ಎರಡು ಮಗ್ಗುಲೂ ಸಮ ಎಂದಿಟ್ಟುಕೊಂಡರೆ ನಾಲ್ಕು ಕವಡೆ 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎರಡು ಅಂಗಾತ ಬೀಳುವ ಬಗೆ 6, ಒಂದು ಅಥವಾ ಮೂರು ಬೀಳುವ ಬಗೆ ತಲಾ 4, ಚೌಕ ಒಂದೇ ಬಗೆ, ಎಂಟೂ ಒಂದೇ ಬಗೆ. ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆ ಎಷ್ಟು ಎಂಬ ಈ ಲೆಕ್ಕಕ್ಕೆ ಸಾರ್ವತ್ರಿಕ ಸೂತ್ರ ಕೊಟ್ಟವರಲ್ಲಿ ನಮ್ಮವರೇ ಮೊದಲಿಗರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ, 9ನೇ ಶತಮಾನದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಅದಿದೆ. ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಯಾದ. ಅದೇ 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಲೆಕ್ಕ ಈ ನೆಲಕ್ಕೆ ಹೊರಗಿನಿಂದ ಬಂದ ಸರಕಲ್ಲ.

ಅಪರೂಪದ ಪ್ರಾಣಿಗಳೂ ಹೊರಗಿನವಲ್ಲ. ಬೇಲೂರು, ಹಳೇಬೀಡಿನ ಗೋಡೆಗಳ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಹಂಸಗಳ ಜೊತೆಗೆ ಮಕರ ಎಂಬ ವಿಚಿತ್ರ ಪ್ರಾಣಿ ಸಾಲುಗಟ್ಟಿ ನಿಂತಿದೆ. ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ ಎಂದು ಮಾರ್ಗದರ್ಶಿಗಳು ತೋರಿಸಿಕೊಡುತ್ತಾರೆ. 2023ರಲ್ಲಿ ಈ ಎರಡು ದೇಗುಲಗಳೂ ಸೋಮನಾಥಪುರದ ಜೊತೆ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಮೊಬೈಲಿನಿಂದ ತಲೆ ಎತ್ತಿದ ಹುಡುಗನಿಗೆ ಈ ಮಕರ ಒಂದು ದಿನ ಕಂಡಿತು. ‘ಇದೂ ಪೊಕೆಮಾನೇ!’ ಎಂದು ಕೂಗಿದನಂತೆ. ಇದನ್ನು ನೋಡಲು ಅದೃಷ್ಟ ಬೇಕಿಲ್ಲ. ಬಂದ ಪ್ರತಿಯೊಬ್ಬನಿಗೂ ಕಾಣುತ್ತದೆ. ಬಹುಶಃ ಅದಕ್ಕೇ ಯಾರೂ ನಿಂತು ನೋಡುವುದಿಲ್ಲ.

ಹುಡುಗನ ಎರಡನೆಯ ಸಿದ್ಧಾಂತ ಮೊದಲಿನದಕ್ಕಿಂತ ಹೆಚ್ಚು ಅಪಾಯದ್ದು. 500ಕ್ಕೆ ಒಂದು ಎಂದಮೇಲೆ, 450 ಪ್ರಾಣಿ ಮುಟ್ಟಿಯಾಗಿದ್ದರೆ ಉಳಿದ 50ರಲ್ಲಿ ಸಿಗಲೇಬೇಕಲ್ಲ? ‘ಇವತ್ತು ಸಿಕ್ಕೇ ಸಿಗುತ್ತೆ ಕಣೇ, ನನಗೆ ಬಾಕಿ ಇದೆ’ ಎಂದು ಅವನು ಊಟ ಬಿಟ್ಟು ಅಲೆದ. ಆಟ ಯಾರಿಗೂ ಬಾಕಿ ಉಳಿಸಿಕೊಳ್ಳುವುದಿಲ್ಲ. ಅದರ ಬಳಿ ಖಾತೆಪುಸ್ತಕವೇ ಇಲ್ಲ. 450 ಸಲ ಸೋತವನಿಗೂ ಈಗಷ್ಟೇ ಶುರು ಮಾಡಿದವನಿಗೂ ಮುಂದಿನ ಸಲದ ಸಾಧ್ಯತೆ 500ಕ್ಕೆ ಒಂದೇ. ನೂರು ಮಂದಿ ತಲಾ 500 ಪ್ರಾಣಿ ಮುಟ್ಟಿದರೆ ಅವರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲೇ ಉಳಿಯುತ್ತಾರೆ. ತಲಾ ಸಾವಿರ ಮುಟ್ಟಿದರೂ 13-14 ಮಂದಿಗೆ ಏನೂ ಸಿಕ್ಕಿರುವುದಿಲ್ಲ. ಅವರು ಪಾಪಿಗಳಲ್ಲ, ದುರದೃಷ್ಟವಂತರ ಜಾತಿಯವರೂ ಅಲ್ಲ. ಎಣಿಕೆಯಲ್ಲಿ ಯಾರಾದರೂ ಆ ಜಾಗದಲ್ಲಿ ನಿಲ್ಲಲೇಬೇಕು.

‘ಬಾಕಿ’ಯ ಈ ನಂಬಿಕೆಗೆ ದೊಡ್ಡವರೂ ಬಲಿಯಾಗಿದ್ದಾರೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಜೂಜುಕಟ್ಟೆಯಲ್ಲಿ ತಿರುಗುಚಕ್ರದ ಗುಂಡು ಸತತ 26 ಸಲ ಕಪ್ಪಿಗೇ ಬಿತ್ತು. ಇನ್ನು ಕೆಂಪು ಬರಲೇಬೇಕೆಂದು ಪ್ರತಿ ಸಲವೂ ಹೆಚ್ಚು ಹೆಚ್ಚು ಹಣ ಕಟ್ಟಿದವರು ಬರಿದಾಗಿ ಹೋದರು. ಅಷ್ಟು ದೂರ ಯಾಕೆ? ಲಾಟರಿ ಚೀಟಿಯ ಕಾಲವನ್ನು ನಮ್ಮ ರಾಜ್ಯದ ಹಿರಿಯರು ಮರೆತಿಲ್ಲ. ‘ಇಷ್ಟು ದಿನ ಬರಲಿಲ್ಲ, ನಾಳೆ ಬರುತ್ತದೆ’ ಎಂದು ಕೂಲಿಯ ಹಣವನ್ನು ಚೀಟಿಗೆ ಸುರಿದ ಮನೆಗಳೆಷ್ಟೋ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಿತು. ಬಳಿಕ ಅದೇ ಆಸೆ ಮೊಬೈಲಿನ ಹಣದಾಟವಾಗಿ ಬಂತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಪೊಕೆಮಾನಿನಲ್ಲಿ ಮೀನು ಹಿಡಿಯುವುದು ಜೂಜಲ್ಲ, ನಿಜ. ಆದರೆ ‘ಇನ್ನೊಂದೇ ಸಲ’ ಎಂದು ಒಳಗಿನಿಂದ ಕೇಳುವ ದನಿ ಎರಡೂ ಕಡೆ ಒಂದೇ. ಆ ದನಿಯ ಗುರುತನ್ನು ಮಕ್ಕಳು ಹಣವಿಲ್ಲದ ಆಟದಲ್ಲೇ ಹಿಡಿದುಬಿಟ್ಟರೆ ಒಳ್ಳೆಯದು. ಹೆತ್ತವರು ಮೊಬೈಲ್ ಕಿತ್ತುಕೊಂಡರೆ ದನಿ ನಿಲ್ಲುವುದಿಲ್ಲ. ಪಕ್ಕ ಕೂತು ಎಣಿಸಲು ಕಲಿಸಿದರೆ ನಿಲ್ಲಬಹುದು.

ಗೆಳೆಯರ ಮೂರನೆಯ ಸಿದ್ಧಾಂತ ಒಂದಿತ್ತು: ‘ಬೆಂಗಳೂರಿನವರಿಗೇ ಎಲ್ಲ ಸಿಗೋದು, ನಮ್ಮಂಥ ಊರಿನವರಿಗೆ ಆಟ ಕೊಡೋದಿಲ್ಲ.’ ಇದರಲ್ಲಿ ಅರ್ಧ ಸತ್ಯವಿದೆ. ಈ ಆಟದಲ್ಲಿ ಜನ ಹೆಚ್ಚು ಓಡಾಡುವ ಪಟ್ಟಣಗಳಲ್ಲಿ ಪ್ರಾಣಿಗಳು ದಟ್ಟವಾಗಿ ಹುಟ್ಟುತ್ತವೆ, ಹಳ್ಳಿಗಾಡಿನಲ್ಲಿ ವಿರಳ. ಆದರೆ ಒಂದೊಂದು ಪ್ರಾಣಿಯೂ ಬಣ್ಣ ಬದಲಿಸಿರುವ ಸಾಧ್ಯತೆ ಎರಡೂ ಕಡೆ ಅಷ್ಟೇ. ದಿನಕ್ಕೆ ನೂರು ಪ್ರಾಣಿ ಕಾಣುವವನು ಸರಾಸರಿ 5 ದಿನಕ್ಕೊಂದು ಬಂಗಾರ ಕಂಡರೆ, ಹತ್ತು ಕಾಣುವವನು 50 ದಿನಕ್ಕೊಂದು ಕಾಣುತ್ತಾನೆ. ಅಕ್ಕ ಇದನ್ನು ಬಿಡಿಸಿ ಹೇಳಿ, ಸ್ವಲ್ಪ ಹೊತ್ತು ಸುಮ್ಮನಾದಳು. ‘ನಮಗೆ ಅದೃಷ್ಟ ಕಡಿಮೆ ಇಲ್ಲ ಕಣೋ, ಸಲಗಳು ಕಡಿಮೆ’ ಎಂದಳು.

ಆ ಮಾತು ಮೀನಿನ ಬಗ್ಗೆ ಮಾತ್ರ ಆಗಿರಲಿಲ್ಲ. ಮೊದಲ ಸಲ ಸೀಟು ತಪ್ಪಿದಾಗ ಮನೆಗೆ ಬಂದವರೆಲ್ಲ ‘ಹಣೇಲಿ ಬರೆದಿರಬೇಕು’ ಎಂದು ಹೇಳಿ, ಕಾಫಿ ಕುಡಿದು ಹೋಗಿದ್ದರು. ಹಣೆಬರಹ ಎಂದುಬಿಟ್ಟರೆ ಮಾತು ಮುಗಿಯಿತು. ಪಟ್ಟಣದ ಹುಡುಗಿ ಬರೆದಷ್ಟು ಅಣಕು ಪರೀಕ್ಷೆಗಳನ್ನು ಇವಳು ಬರೆದಿದ್ದಳೇ ಎಂದು ಯಾರೂ ಕೇಳಲಿಲ್ಲ. ಅದೃಷ್ಟದ ಕೊರತೆಗೆ ಮದ್ದಿಲ್ಲ. ಸಲಗಳ ಕೊರತೆಗೆ ಉಂಟು. ಹಳೆಯ ಪ್ರಶ್ನೆಪತ್ರಿಕೆ, ಗ್ರಂಥಾಲಯದ ಒಂದು ಮೇಜು, ಭಾನುವಾರಕ್ಕೊಂದು ಅಣಕು ಪರೀಕ್ಷೆ, ಅಡುಗೆಮನೆಯ ಕೆಲಸದಿಂದ ಎರಡು ಗಂಟೆ ಬಿಡುವು. ಇವು ಹೆತ್ತವರ ಕೈಯಲ್ಲಿರುವ ಸಂಗತಿಗಳು.

ಪರೀಕ್ಷೆಗೂ ಹುಡುಗನ ಬಳಿ ಸಿದ್ಧಾಂತವಿತ್ತು. ಗೊತ್ತಿಲ್ಲದ ಕಡೆಯೆಲ್ಲ ‘ಸಿ’ ಎಂದು ಗುರುತು ಹಾಕಬೇಕಂತೆ. ಅಕ್ಕ ಲೆಕ್ಕ ಹಾಕಿ ತೋರಿಸಿದಳು. ನೀಟ್‌ನಲ್ಲಿ 180 ಪ್ರಶ್ನೆ. ಸರಿಯಾದರೆ 4 ಅಂಕ, ತಪ್ಪಿದರೆ ಒಂದು ಅಂಕ ಕಳೆತ. ನಾಲ್ಕು ಉತ್ತರಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಮುಟ್ಟುತ್ತ ಹೋದರೆ ಸರಾಸರಿ 45 ಸರಿ, 135 ತಪ್ಪು. 720ಕ್ಕೆ 45 ಅಂಕ. ಪ್ರತಿ ಪ್ರಶ್ನೆಯಲ್ಲೂ ಒಂದು ಉತ್ತರ ಖಂಡಿತ ತಪ್ಪೆಂದು ತಿಳಿಯುವಷ್ಟು ಓದಿದ್ದರೆ ಅದೇ ಊಹೆಗೆ 120 ಅಂಕ. ಎರಡು ತಪ್ಪೆಂದು ತಿಳಿದರೆ 270. ಮೂರು ತಪ್ಪೆಂದು ತಿಳಿದರೆ ಊಹೆಯ ಮಾತೇ ಇಲ್ಲ. ಓದು ಅದೃಷ್ಟವನ್ನು ಓಡಿಸುವುದಿಲ್ಲ, ಮೆಲ್ಲಮೆಲ್ಲಗೆ ಅದರ ಜಾಗವನ್ನು ಕಿರಿದು ಮಾಡುತ್ತದೆ. ‘ಮೀನಿನ ಆಟದಲ್ಲಿ ಐನೂರನೆಯ ಸಲವೂ ಮೊದಲ ಸಲದ ಹಾಗೇ. ಇಲ್ಲಿ ಹಾಗಲ್ಲ. ಮೊದಲ ಸಲ ಎಲ್ಲಿ ತಪ್ಪಿದೆ ಅಂತ ನನಗೆ ನೆನಪಿದೆ’ ಎಂದಳು.

ಮಹಾಭಾರತದ ನಳನ ಕತೆಯಲ್ಲಿ ಇದಕ್ಕೆ ಒಪ್ಪುವ ಪ್ರಸಂಗವೊಂದಿದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಋತುಪರ್ಣ ರಾಜನ ಸಾರಥಿಯಾಗಿ ರಥ ಓಡಿಸುತ್ತಿದ್ದಾನೆ. ದಾರಿಯಲ್ಲಿ ಕಂಡ ತಾರೆಮರದ ಎಲೆ ಎಷ್ಟು, ಕಾಯಿ ಎಷ್ಟು ಎಂದು ಋತುಪರ್ಣ ನೋಡಿದಷ್ಟರಿಂದಲೇ ಹೇಳುತ್ತಾನೆ. ನಳ ನಂಬುವುದಿಲ್ಲ, ರಥ ನಿಲ್ಲಿಸಿ, ಇಳಿದು, ಎಣಿಸಿ ನೋಡುತ್ತಾನೆ. ಲೆಕ್ಕ ಸರಿಯಾಗಿರುತ್ತದೆ. ಆಗ ತನ್ನ ಅಶ್ವವಿದ್ಯೆಯನ್ನು ಕೊಟ್ಟು ಅವನಿಂದ ಅಕ್ಷಹೃದಯ ಎಂಬ ದಾಳದ ವಿದ್ಯೆಯನ್ನು ಕಲಿಯುತ್ತಾನೆ. ಕಲಿತ ಗಳಿಗೆಯಲ್ಲೇ ಅವನ ಮೈಯೊಳಗೆ ಸೇರಿ ಕಾಡುತ್ತಿದ್ದ ಕಲಿ ಹೊರಬೀಳುತ್ತಾನೆ. ಕಲಿಯನ್ನು ಬಿಡಿಸಿದ್ದು ಶಾಂತಿಹೋಮವಲ್ಲ. ಎಣಿಸಲು ಬಲ್ಲ ವಿದ್ಯೆ.

ಅಕ್ಕ ಎರಡನೆಯ ಸಲ ಪರೀಕ್ಷೆ ಬರೆಯಲು ಹೊರಟ ಬೆಳಿಗ್ಗೆ ಅಜ್ಜಿ ಮಾಲೇಕಲ್ ತಿರುಪತಿಯ ಕುಂಕುಮ ಹಚ್ಚಿ, ಹಳೆಯ ಕವಡೆಯನ್ನು ಊದುವಂತೆ ಅವಳ ಹಣೆಗೊಮ್ಮೆ ಊದಿದರು. ಅವಳು ತಡೆಯಲಿಲ್ಲ. ತಮ್ಮ ಹೊಸ ಸಿದ್ಧಾಂತ ಏನೂ ಹೇಳಲಿಲ್ಲ. ಅವಳು ವರ್ಷವಿಡೀ ಬರೆದ ಅಣಕು ಪರೀಕ್ಷೆಗಳ ಹಾಳೆಗಳನ್ನು ಒಂದೊಂದಾಗಿ ಎಣಿಸಿ, ಪಟ್ಟಿ ಹಾಕಿ, ಕೊಬ್ಬರಿ ಚೀಲದ ದಾರದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟ. ಮುಂದೆ ತನಗೆ ಬೇಕಾಗುತ್ತವೆ ಎಂದ.